ಹಾಜರಿಯಲ್ಲಿ ಜಾತಿ ಕೂಗುವವರಿಗೆ



‘ಈ ಹುಡುಗರಿಗೆ ಪ್ರತಿಭೆ ಎಲ್ಲಿದೆ?’ ಅಂತ ಕೇಳೋರಿಗೆ ಸಂಶೋಧನೆಯೇ ಉತ್ತರ ಕೊಟ್ಟಿದೆ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮೇಲ್ಜಾತಿಯ 321, ಕೆಳಜಾತಿಯ 321 ಹುಡುಗರಿಗೆ ದಾರಿ ಹುಡುಕುವ ಒಗಟಿನ ಚಿತ್ರಗಳನ್ನು ಕೊಟ್ಟು ಬಿಡಿಸಲು ಹೇಳಿದರು. ಜಾತಿ ಎತ್ತದಿದ್ದಾಗ ಇಬ್ಬರೂ ಸರಿಸಮ. ಎಲ್ಲರೆದುರು ಜಾತಿ ಸಾರಿದಾಗ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ಈ ವರದಿ ಹೊರಬಂದದ್ದು 2004ರಲ್ಲಿ.

ಅದೇ ಹುಡುಗ, ಅದೇ ಬುದ್ಧಿ. ಕೂಗಿದ ಜಾತಿಯೊಂದೇ ಹೊಸದು.

ಸ್ಕಾಲರ್‌ಷಿಪ್ಪಿನ ನೆಪದಲ್ಲಿ ‘ಎಸ್.ಸಿ.ಗಳೆಲ್ಲ ಎದ್ದು ನಿಲ್ಲಿ’ ಅಂದರೆ ತಲೆ ತಗ್ಗಿಸಬೇಡಿ. ಪಟ್ಟಿ ಆಫೀಸಿನೊಳಗೇ ಆಗಲಿ ಅಂತ ಒಟ್ಟಾಗಿ ಕೇಳಿ. ಹಾಸ್ಟೆಲಿನಲ್ಲಿ ಈ ಸಂಗತಿಯನ್ನು ಓದಿ, ಚರ್ಚೆ ಮಾಡಿ. ಇಷ್ಟು ಕಾಲ ನಮ್ಮನ್ನು ಅಳೆಯುತ್ತಾ ಬಂದವರನ್ನು ಅಳೆಯುವ ವಿದ್ಯೆಯನ್ನೂ ನಾವು ಕಲಿಯೋಣ.