ಡ್ಯೂಪ್ ಇಲ್ಲದ ಓಟ

ನಮ್ಮ ಹೀರೋ ಗುಡ್ಡ ಹತ್ತುವುದನ್ನು ನೀವೂ ನೋಡಿದ್ದೀರಿ. ಪಲ್ಲವಿಗೆ ಬುಡದಲ್ಲಿ, ಚರಣಕ್ಕೆ ತುದಿಯಲ್ಲಿ! ಬೆವರಿಲ್ಲ, ಕ್ರಾಪು ಕೆದರಿಲ್ಲ. ಏದುಸಿರು ಬಿಟ್ಟವನು ಡ್ಯೂಪು, ಶಿಳ್ಳೆ ಗಿಟ್ಟಿಸಿದವನು ಹೀರೋ.

ನನ್ನ ಈ ಭ್ರಮೆ ಬಿಡಿಸಿದವನು ಬಿಂಕದಕಟ್ಟಿಯ ನನ್ನಕ್ಕನ ಮಗ. ಬಿಂಕವೆಲ್ಲ ಊರಿನ ಹೆಸರಿಗೇ ಖರ್ಚಾಯಿತೋ ಏನೋ, ಹುಡುಗನಿಗಿಲ್ಲ. ಮೃಗಾಲಯ ನೋಡಲು ಜನ ಆ ಊರಿಗೆ ಬಂದರೆ, ಇವನು ನಸುಕಿನಲ್ಲೇ ಊರು ಬಿಟ್ಟು ಓಡುತ್ತಾನೆ. ಮಲೆನಾಡಿನಲ್ಲಿ 50 ಕಿಲೋಮೀಟರಿನ ಗುಡ್ಡದ ಓಟಕ್ಕೆ ಹೆಸರು ಕೊಟ್ಟ. ಚೀಲ ಕಾಯುವ ಪೋಷಕ ನಟನಾಗಿ ನಾನೂ ಹೊರಟೆ.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರು. ಅದನ್ನು ಮೀರಿದ್ದೆಲ್ಲ ಅಲ್ಟ್ರಾ. 1974ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ 100 ಮೈಲಿಯ ಕುದುರೆ ಪಂದ್ಯವಿತ್ತು. ಗಾರ್ಡಿ ಏನ್ಸ್‌ಲೀ ಎಂಬಾತ ಕುದುರೆಯಿಲ್ಲದೆ, ಎರಡೇ ಕಾಲು ನಂಬಿ ಹೊರಟ. 23 ಗಂಟೆ 42 ನಿಮಿಷಕ್ಕೆ ಗುರಿ ಮುಟ್ಟಿದ! ಈ ಕಥೆ ಹೇಳಿದರೆ ಯಾವ ನಿರ್ಮಾಪಕ ನಂಬಿಯಾನು?

ಮೊದಲ ಏರಿನಲ್ಲೇ ಅಳಿಯ ಓಟ ಬಿಟ್ಟು ನಡೆಯತೊಡಗಿದ. ನನಗೆ ಅವಮಾನ. "ಓಡೋ!" ಎಂದು ಕೂಗಿದೆ.

"ಮಾಮಾ, ಏರಿಗೆ ನಡೀಬೇಕು. ಇಲ್ಲೇ ದಮ್ಮು ಕಳಕೊಂಡ್ರ ಇಳಿಯೂ ಮುಂದ ತೊಡಿ ಕೈ ಕೊಡ್ತಾವ" ಅಂದ. ನಿಜವೇ. ಇಳಿಜಾರಿನಲ್ಲಿ ಮೈಭಾರವನ್ನೆಲ್ಲ ತಡೆದು ಹಿಡಿಯುವುದು ತೊಡೆ.

ಮಧ್ಯಾಹ್ನ ಮಳೆ ಹೊಡೆಯಿತು, ಜೊತೆಗೆ ಗಾಳಿ. 38ನೇ ಕಿಲೋಮೀಟರಿನಲ್ಲಿ ನಾನು ಕಾಯುತ್ತಿದ್ದಲ್ಲಿಗೆ ಬಂದಾಗ ಅವನ ತುಟಿ ನೀಲಿ, ಮೈಯೆಲ್ಲ ನಡುಕ. ಬಾಟಲಿಯ ಮುಚ್ಚಳ ತಿರುವಲು ಬೆರಳು ಕೇಳುತ್ತಿಲ್ಲ. ನಾನೋ, "ಇನ್ನ ಹನ್ನೆರಡ ಉಳದಾವ, ಊರಿಗೆಲ್ಲಾ ಹೇಳಿ ಬಂದೇವಿ!" ಎಂದು ಹುರಿದುಂಬಿಸಿದೆ.

ಅವನು ಎದೆಯ ಮೇಲಿನ ನಂಬರು ತಾನೇ ಬಿಚ್ಚಿ ನನ್ನ ಕೈಗಿಟ್ಟ. "ಗುಡ್ಡ ಎಲ್ಲೂ ಓಡಿ ಹೋಗೂದಿಲ್ಲ, ಮಾಮಾ."

ಬಸ್ಸಿನಲ್ಲಿ ಗದಗ ಬರುವವರೆಗೂ ನಾನು ಮಾತಾಡಲಿಲ್ಲ. ಚೀನಾದ ಸುದ್ದಿ ಓದಿದ್ದು ಆಮೇಲೆ. 2021ರ ಮೇ 22ರಂದು ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರಿನ ಗುಡ್ಡದ ಓಟ. ಮಳೆ, ಆಲಿಕಲ್ಲು, ಬಿರುಗಾಳಿ ಒಟ್ಟಿಗೇ ಬಂದವು. 21 ಓಟಗಾರರು ಸತ್ತರು. ಹೆಸರಾಂತ ಘಟಾನುಘಟಿಗಳೂ ಅವರಲ್ಲಿದ್ದರು. ಕುರಿ ಕಾಯುವವನೊಬ್ಬ ಆರು ಜನರನ್ನು ತನ್ನ ಗುಹೆಗೆ ಕರೆತಂದು, ಬೆಂಕಿ ಹಾಕಿ ಉಳಿಸಿದ.

ಪತ್ರಿಕೆ ಮಡಿಚಿಟ್ಟೆ. ನನ್ನ ಕೈಯೇ ನಡುಗುತ್ತಿತ್ತು. ಇನ್ನು ಹನ್ನೆರಡೇ ಎಂದವನು ನಾನಲ್ಲವೇ?

ಮೊನ್ನೆ ಬಿಂಕದಕಟ್ಟಿಗೆ ಹೋಗಿದ್ದೆ. ರೊಟ್ಟಿ ಬಡಿಯುತ್ತ ಅಕ್ಕ ಕೇಳಿದಳು: "ಆವತ್ತ ನಿನ್ನ ಅಳಿಯ ಗೆದ್ನೋ, ಸೋತ್ನೋ? ಅಂವಂತೂ ಬಾಯಿ ಬಿಡವಲ್ಲ."

"ಮನಿಗೆ ಬಂದಾನಲ್ಲ ಅಕ್ಕಾ, ಗೆದ್ದಂಗ" ಅಂದೆ.

ಅಳಿಯ ಬಾಗಿಲಲ್ಲಿ ಕುಳಿತು ಬೂಟಿನ ಲಾಡಿ ಕಟ್ಟುತ್ತಿದ್ದ. ಈ ಸಲವೂ ಹೆಸರು ಕೊಟ್ಟಿದ್ದಾನೆ. ಚೀಲ ನನ್ನದೇ. ಅದರಲ್ಲಿ ಒಂದು ಕಂಬಳಿ ಹೆಚ್ಚಿಗೆ!