ಕೋಟೆ ಬರಿದಾದ ಮೇಲೆ



ಅರಸನಿರುವ ತನಕ ಉತ್ಸವಕ್ಕೆ ಬೊಕ್ಕಸವುಂಟು, ಆಳುಕಾಳುಂಟು. ಅರಸೊತ್ತಿಗೆಯೇ ಅಳಿದ ಮೇಲೆ ಆ ಊರಿನ ಹಬ್ಬಗಳನ್ನು ನಡೆಸುವವರು ಯಾರು? ಜಪಾನಿನ ಬಡಗಣ ಮೂಲೆಯ ಕೋಟೆಯೂರೊಂದು ಈ ಪ್ರಶ್ನೆಗೆ ಕಂಡುಕೊಂಡ ದಾರಿಯನ್ನು ಈ ಸಲ ತಮ್ಮ ಮುಂದಿಡಲು ಬಯಸುತ್ತೇವೆ.

ಆ ಊರಿನ ಹೆಸರು ಹಿರೋಸಾಕಿ. ಅವೊಮೊರಿ ಪ್ರಾಂತಕ್ಕೆ ಸೇರಿದ್ದು. ತ್ಸುಗಾರು ಮನೆತನದ ಎರಡನೆಯ ದೊರೆಯಾದ ನೊಬುಹಿರನ ಕಾಲದಲ್ಲಿ, 1611ರಲ್ಲಿ, ಅಲ್ಲಿಯ ಕೋಟೆ ಪೂರ್ಣಗೊಂಡಿತು. ಐದಂತಸ್ತಿನ ಮೂಲ ಗೋಪುರವು 1627ರಲ್ಲಿ ಸಿಡಿಲಿಗೆ ಆಹುತಿಯಾಯಿತು. ಈಗ ಉಳಿದಿರುವ ಮೂರಂತಸ್ತಿನ ಗೋಪುರವು 19ನೆಯ ಶತಮಾನದ ಆರಂಭದ್ದು. 1871ರಲ್ಲಿ ಜಪಾನಿನ ಸಂಸ್ಥಾನಗಳೆಲ್ಲ ರದ್ದಾದವು. ದೊರೆ ಹೋದನು, ಸಮುರಾಯಿ ಯೋಧರ ವೃತ್ತಿವೇತನವೂ ಹೋಯಿತು. ಕೋಟೆಯೊಳಗೆ ಹುಲ್ಲು ಬೆಳೆಯಿತು.

ಆ ಹಾಳು ಬಿದ್ದ ಆವರಣದಲ್ಲಿ 1882ರಲ್ಲಿ ಕಿಕುಚಿ ತತೆಯೆ ಎಂಬವನು ಸಾವಿರ ಚೆರ್ರಿ ಸಸಿಗಳನ್ನು ನೆಟ್ಟನು. ಅವನೂ ಅದೇ ಸಂಸ್ಥಾನದ ಹಳೆಯ ಸಮುರಾಯಿಯೇ. ಆದರೆ ಅವನ ಜೊತೆಯವರು ಕೆರಳಿದರು. ಕೋಟೆಯೆಂಬುದು ಹೂ ನೋಡುತ್ತ ಕುಡಿದು ಕುಣಿಯುವ ಸ್ಥಳವೇ ಎಂದು ಸಿಟ್ಟಾಗಿ ಸಸಿಗಳನ್ನು ಕಿತ್ತರು, ಮುರಿದರು. ಅವರನ್ನು ಮೂಢರೆಂದು ಜರೆಯಲು ನಮಗೆ ಮನಸ್ಸಾಗದು. ತಲೆಮಾರುಗಳಿಂದ ಕಾವಲು ಕಾಯ್ದ ನೆಲ ತಮ್ಮ ಕಣ್ಣೆದುರೇ ವಿಹಾರಸ್ಥಾನವಾಗುವುದನ್ನು ಕಾಣುವುದು ಸುಲಭವಲ್ಲ. ಆದರೂ ಸಸಿಗಳಲ್ಲಿ ಕೆಲವು ಬದುಕಿದವು. 1895ರಲ್ಲಿ ಕೋಟೆಯು ಸಾರ್ವಜನಿಕ ಉದ್ಯಾನವಾಯಿತು, ಮತ್ತೆ ಮತ್ತೆ ಸಸಿಗಳನ್ನು ನೆಟ್ಟರು, 1918ರಲ್ಲಿ ಊರವರು ಮೊದಲ ಪುಷ್ಪದರ್ಶನೋತ್ಸವವನ್ನು ನಡೆಸಿದರು. ಇಂದು ಅಲ್ಲಿ ಸುಮಾರು 2,600 ಮರಗಳಿವೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಅವು ಅರಳುತ್ತವೆ. ಉದುರಿದ ಎಸಳುಗಳು ಕಂದಕದ ನೀರನ್ನೇ ಮುಚ್ಚಿ, ತಿಳಿಗೆಂಪು ಜಮಖಾನೆ ಹಾಸಿದಂತೆ ತೋರುತ್ತದೆ. ಈ ದೃಶ್ಯವನ್ನು ಜಪಾನೀಯರು 'ಹೂವಿನ ತೆಪ್ಪ' ಎಂದು ಕರೆಯುತ್ತಾರೆ.

ಆಗಸ್ಟ್ 1ರಿಂದ 7ರವರೆಗಿನದು ನೆಪುತ ಉತ್ಸವ. ಬೀಸಣಿಗೆಯಾಕಾರದ ದೊಡ್ಡ ಚೌಕಟ್ಟಿಗೆ ಕಾಗದ ಹೊದಿಸಿ, ಮಸಿಯಿಂದ ರೇಖೆ ಎಳೆದು, ಬಣ್ಣ ಒಂದಕ್ಕೊಂದು ಹರಿಯದಂತೆ ಮೇಣ ಸವರಿ, ಒಳಗೆ ದೀಪವಿರಿಸಿ ರಾತ್ರಿ ಬೀದಿಯಲ್ಲಿ ಎಳೆಯುತ್ತಾರೆ. ಮುಂಭಾಗದಲ್ಲಿ ಚೀನಾ-ಜಪಾನುಗಳ ಪುರಾತನ ವೀರರ ಕಾಳಗ. ಹಿಂಭಾಗದಲ್ಲಿ ಮ್ಲಾನವದನೆಯಾದ ಒಬ್ಬ ಸ್ತ್ರೀಯ ಚಿತ್ರ. ಇದಕ್ಕೆ 'ಬೀಳ್ಕೊಡುಗೆಯ ಚಿತ್ರ' ಎಂದು ಹೆಸರು. ರಥ ಎದುರಿಗೆ ಬರುವಾಗ ಕಾದಾಟವನ್ನು ಕಂಡ ಕಣ್ಣು, ಅದು ಸಾಗಿ ಹೋಗುವಾಗ ವಿಯೋಗವನ್ನು ಕಾಣಬೇಕೆಂಬ ಈ ಕಲ್ಪನೆ ನಮಗೆ ಬಹಳ ಹಿಡಿಸಿತು. ಬೇಸಗೆಯ ಸೆಕೆಯಲ್ಲಿ ದುಡಿಯುವವರನ್ನು ಕವಿಯುವ ನಿದ್ರಾಲಸ್ಯವನ್ನು ನೀರಿನಲ್ಲಿ ತೇಲಿಬಿಡುವ ಹಳೆಯ ಆಚರಣೆಯೇ ಇದರ ಮೂಲವೆಂದು ಹೇಳುತ್ತಾರೆ. 1722ರಷ್ಟು ಹಿಂದೆಯೇ ದೊರೆಯು ಇದನ್ನು ವೀಕ್ಷಿಸಿದ ಸಂಗತಿ ಸಂಸ್ಥಾನದ ದಿನಚರಿಯಲ್ಲಿ ದಾಖಲಾಗಿದೆ. ಒಂದು ಕಾಲಕ್ಕೆ ಕೇರಿ ಕೇರಿಗಳ ತಂಡಗಳು ಎದುರುಬದುರಾದಾಗ ಕಲ್ಲು, ದೊಣ್ಣೆಗಳ ಕಾಳಗವೇ ನಡೆಯುತ್ತಿತ್ತು. ಈಗ ಆ ಕೇರಿಗಳವರೇ ಹಗ್ಗ ಹಿಡಿದು, ಮಕ್ಕಳನ್ನು ಮುಂದಿಟ್ಟುಕೊಂಡು 'ಯಾ ಯಾ ದೋ' ಎಂದು ಕೂಗುತ್ತ ಶಾಂತವಾಗಿ ನಡೆಯುತ್ತಾರೆ. ಏಳನೆಯ ಸಂಜೆ ಇವಾಕಿ ನದಿಯ ದಂಡೆಯಲ್ಲಿ ನೆಪುತವನ್ನು ಸುಡುವ ಕ್ರಮವಿದೆ.

ಬೇಸಗೆ ಕಳೆದು, ಹಳೆಯ ಚಾಂದ್ರಮಾನದ ಎಂಟನೆಯ ತಿಂಗಳ ಮೊದಲ ದಿನ ಬಂದಾಗ ಭಕ್ತರು ಇವಾಕಿ ಪರ್ವತಯಾತ್ರೆ ಕೈಗೊಳ್ಳುತ್ತಾರೆ. 1,625 ಮೀಟರ್ ಎತ್ತರದ ಈ ಪರ್ವತವು ಊರಿನ ಎಲ್ಲೆಡೆಯಿಂದಲೂ ಕಾಣುವಂಥದು. ಬೆಳೆ ಕೈಗೂಡಿದ್ದಕ್ಕೆ ಕೃತಜ್ಞತೆ ಸಲ್ಲಿಸಲು ಬಿಳಿಯ ವಸ್ತ್ರ ಧರಿಸಿ, ಕಾಗದದ ಕುಚ್ಚುಗಳನ್ನು ಕಟ್ಟಿದ ಎತ್ತರದ ಗಳುಗಳನ್ನು ಹೊತ್ತು, ಪಶ್ಚಾತ್ತಾಪದ ನುಡಿಯನ್ನು ಉಚ್ಚರಿಸುತ್ತ ತಪ್ಪಲಿನ ದೇಗುಲಕ್ಕೆ ನಡೆಯುತ್ತಾರೆ. ಕಣ್ಣು, ಕಿವಿ, ಮೂಗು, ನಾಲಗೆ, ಮೈ, ಮನಸ್ಸು ಈ ಆರೂ ಶುದ್ಧವಾಗಲಿ ಎಂಬುದು ಅವರ ಮೊರೆ. ಅಲ್ಲಿಂದ ಕತ್ತಲಲ್ಲೇ ಶಿಖರವೇರಿ ಸೂರ್ಯೋದಯಕ್ಕೆ ಕೈಮುಗಿಯುತ್ತಾರೆ. ಶರದೃತುವಿನ ಸೇವಂತಿಗೆ ಮತ್ತು ಮೇಪಲ್ ಎಲೆಗಳ ಉತ್ಸವವು 1962ರಿಂದ ನಡೆದುಬಂದದ್ದು, ನೋಡಲು ಚೆಲುವು.

ಚಳಿಗಾಲ ಹಾಗಲ್ಲ. ಅಲ್ಲಿ ಹಿಮವೆಂದರೆ ಸೊಬಗಲ್ಲ, ಶ್ರಮ. ಸೂರು ಕುಸಿಯದಂತೆ, ದಾರಿ ಮುಚ್ಚದಂತೆ ಅದನ್ನು ತೆಗೆಯುತ್ತಲೇ ಇರಬೇಕು. ಅದೇ ಹಿಮದಿಂದ ಊರವರು 1977ರಿಂದ ಪ್ರತಿ ಫೆಬ್ರುವರಿಯಲ್ಲಿ ಕೋಟೆಯೊಳಗೆ ದೀಪಸ್ತಂಭಗಳನ್ನು ಕಟ್ಟುತ್ತ ಬಂದಿದ್ದಾರೆ. ಕೊಳದ ಬಳಿ ಹಿಮದ ಪುಟ್ಟ ಗೂಡುಗಳ ಸಾಲು, ಒಳಗೊಂದೊಂದು ದೀಪ.

ಗೋಪುರದ ಕೆಳಗಿನ ಕಲ್ಲುಗೋಡೆ ಉಬ್ಬಿದ್ದರಿಂದ 2015ರಲ್ಲಿ ಸುಮಾರು 400 ಟನ್ ತೂಕದ ಆ ಗೋಪುರವನ್ನು ಬಿಚ್ಚದೆಯೇ 70 ಮೀಟರುಗಳಷ್ಟು ಆಚೆಗೆ ಸರಿಸಬೇಕಾಯಿತು. ಯಂತ್ರಗಳಿದ್ದವು ನಿಜ, ಆದರೆ ಹಗ್ಗ ಎಳೆಯಲು ಸಾಮಾನ್ಯ ಜನರನ್ನೂ ಕರೆಯಲಾಯಿತು. ಒಂದು ಕಾಲಕ್ಕೆ ದೊರೆಯ ಅಪ್ಪಣೆಯಿಲ್ಲದೆ ಒಳಬರಲಾಗದಿದ್ದವರ ಮೊಮ್ಮಕ್ಕಳ ಮಕ್ಕಳು ದೊರೆಯ ಗೋಪುರಕ್ಕೆ ಹಗ್ಗ ಹಾಕಿ ಎಳೆದರು!

ಇನ್ನು ಆ ಮರಗಳ ಗುಟ್ಟು. ಚೆರ್ರಿಯನ್ನು ಕಡಿಯುವವನು ಮೂರ್ಖ ಎಂಬುದು ಜಪಾನೀಯರ ಹಳೆಯ ನಾಣ್ಣುಡಿ. ಕಡಿದ ಗಾಯದಿಂದ ಮರ ಕೊಳೆಯುವುದೆಂಬ ಭಯ. ಸಸಿ ನೆಟ್ಟ ಕಿಕುಚಿಯೇ ಆ ಸೀಮೆಯಲ್ಲಿ ಸೇಬಿನ ಕೃಷಿಯನ್ನು ಬೆಳೆಸಿದವರಲ್ಲಿ ಅಗ್ರಗಣ್ಯನು ಎಂಬುದು ಗಮನಾರ್ಹ. ವೇತನ ತಪ್ಪಿದ ಸಮುರಾಯಿಗಳಲ್ಲಿ ಹಲವರು ಸೇಬಿನ ತೋಟಗಾರರಾದರು. ಎರಡನೆಯ ಮಹಾಯುದ್ಧದ ನಂತರ ಚೆರ್ರಿ ಮರಗಳು ಸೊರಗಿದಾಗ, ಉದ್ಯಾನದವರು ನಾಣ್ಣುಡಿಯನ್ನು ಬದಿಗಿಟ್ಟು, ಸೇಬಿನ ಗಿಡಗಳನ್ನು ಸವರುವ ರೀತಿಯಲ್ಲೇ ಇವನ್ನೂ ಸವರಿದರು. ಗಾಯಕ್ಕೆ ಔಷಧ ಬಳಿದರು, ಬುಡಕ್ಕೆ ಗೊಬ್ಬರವಿಟ್ಟರು. ಫಲವಾಗಿ ನೂರು ವರ್ಷ ದಾಟಿದ ಮುನ್ನೂರಕ್ಕೂ ಹೆಚ್ಚು ಮರಗಳು ಅಲ್ಲಿವೆ. 1882ರದೂ ಒಂದು ಇನ್ನೂ ಹೂ ಬಿಡುತ್ತಿದೆ.

2020ರಲ್ಲಿ ಮಹಾಮಾರಿಯ ಕಾರಣ ಹೂವಿನ ಹಬ್ಬವೇ ರದ್ದಾಗಿ, ಕೋಟೆಯ ಬಾಗಿಲು ಮುಚ್ಚಿತು. ನೋಡುವವರಿಲ್ಲದೆಯೂ ಮರಗಳು ಅರಳಿದವು.

ಸವರುವ ಕೆಲಸ ಹಿಮವಿರುವಾಗಲೇ, ಫೆಬ್ರುವರಿಯ ಹೊತ್ತಿಗೆ ಮೊದಲಾಗುತ್ತದೆ. ಕತ್ತರಿಸಿದ ರೆಂಬೆಗಳನ್ನು ಎಸೆಯದೆ ಊರವರಿಗೆ ಹಂಚುತ್ತಾರೆ. ಮುದುಕರೂ ಮಕ್ಕಳೊಂದಿಗರೂ ಅವನ್ನು ಮನೆಗೊಯ್ದು ನೀರಿನ ಪಾತ್ರೆಯಲ್ಲಿಡುತ್ತಾರೆ. ಹೊರಗೆ ಹಿಮ ಕರಗುವ ಮುನ್ನವೇ, ಒಳಮನೆಯ ಬೆಚ್ಚಗಿನ ಮೂಲೆಯಲ್ಲಿ ಆ ರೆಂಬೆಗಳು ಮೊಗ್ಗೊಡೆಯುತ್ತವೆ.