‘ಎಲ್ಲರೂ ಅಷ್ಟೇ’ ಎಂದರೆ ಯಾರಿಗೆ ಲಾಭ?

ಈಚೆಗೆ ನಮ್ಮಲ್ಲಿ ರಾಜಕೀಯದ ಬಗ್ಗೆ ಶುರುವಾಗುವ ಯಾವ ಮಾತೂ ಹೆಚ್ಚು ದೂರ ಹೋಗುವುದಿಲ್ಲ. ಹಾಸ್ಟೆಲ್ ಮೆಸ್ಸಿನಲ್ಲಿರಲಿ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿರಲಿ, ವಿಚಾರ ಸಂಕಿರಣದ ಊಟದ ಸಾಲಿನಲ್ಲಿರಲಿ, ಐದು ನಿಮಿಷದೊಳಗೆ ಯಾರಾದರೊಬ್ಬರು ‘ಎಲ್ಲರೂ ಅಷ್ಟೇ ಬಿಡ್ರಿ’ ಎನ್ನುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಮಾತು ಕ್ರಿಕೆಟ್ಟಿಗೋ ಮಳೆಗೋ ಹೊರಳುತ್ತದೆ.

ಈ ಮಾತಿನ ಮೇಲೆ ನನಗೆ ತಕರಾರಿದೆ. ಅದನ್ನು ಆಡುವವರ ಸಿಟ್ಟಿನ ಮೇಲೆ ಯಾವ ತಕರಾರೂ ಇಲ್ಲ. ನಾನೇ ಸಿಟ್ಟಾಗಿರುವವನು. ಇಪ್ಪತ್ತೆಂಟರ ವಯಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತ, ಮುಂದೆ ಯಾವ ಹುದ್ದೆ ಎಂದು ಕರೆಯುತ್ತಾರೆ, ಯಾವಾಗ ಕರೆಯುತ್ತಾರೆ ಎಂದು ಕಾಯುತ್ತ ಕುಳಿತವರಿಗೆ ಈ ರಾಜ್ಯದ ಸರ್ಕಾರಗಳ ಮೇಲೆ ಪ್ರೀತಿ ಉಕ್ಕುವ ಕಾರಣವಿಲ್ಲ. ನನ್ನ ತಕರಾರು ಇಷ್ಟೇ: ‘ಎಲ್ಲರೂ ಅಷ್ಟೇ’ ಎಂಬುದು ಸಿಟ್ಟಿನ ಮಾತಿನಂತೆ ಕೇಳಿಸುತ್ತದೆ, ಕೆಲಸ ಮಾಡುವುದು ಮಾತ್ರ ಕ್ಷಮಾಪಣಾ ಪತ್ರದಂತೆ. ಎಲ್ಲರೂ ಕಳ್ಳರಾದರೆ ಯಾವ ಒಬ್ಬ ಕಳ್ಳನೂ ಉತ್ತರ ಕೊಡಬೇಕಾಗಿಲ್ಲ. ಈ ಮಾತನ್ನು ಜನರ ಬಾಯಿಂದ ಕೇಳಿ ನೆಮ್ಮದಿಯ ನಿಟ್ಟುಸಿರು ಬಿಡುವವರು ಯಾರೆಂದು ಯೋಚಿಸಿ. ಪ್ರಾಮಾಣಿಕನಿಗೆ ಅದು ಅವಮಾನ. ಉಳಿದವರಿಗೆ ಅದೇ ರಕ್ಷಾಕವಚ.

ಮೊದಲಿಗೆ, ಇದು ಸುಳ್ಳು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಉಳುವ ನೆಲಕ್ಕೆ ಒಡೆಯನಾದ ಗೇಣಿದಾರನ ಮನೆಯಲ್ಲಿ ಕೇಳಿದರೆ ದೇವರಾಜ ಅರಸರೂ ಅವರ ಹಿಂದಿನವರೂ ‘ಅಷ್ಟೇ’ ಎಂದು ಯಾರೂ ಹೇಳಲಾರರು. ಅಷ್ಟು ಹಿಂದೆ ಹೋಗುವುದೂ ಬೇಡ. 2023ರ ಜೂನ್ 11ರ ನಂತರ ಟಿಕೆಟ್ ದುಡ್ಡಿನ ಲೆಕ್ಕ ಹಾಕದೆ ಸರ್ಕಾರಿ ಬಸ್ಸು ಹತ್ತಿ ಕೂಲಿಗೋ ತವರಿಗೋ ಹೋಗುವ ಹೆಂಗಸಿಗೆ ಸರ್ಕಾರ ಬದಲಾಗಿದ್ದು ಏನೂ ಅಲ್ಲ ಎನ್ನಲು ನಾವು ಯಾರು? ಆ ಯೋಜನೆಯ ಖರ್ಚಿನ ಬಗ್ಗೆ ಜಗಳವಾಡಬಹುದು, ಆಡೋಣ. ಆದರೆ ಜಗಳವಾಡಬೇಕಾದರೆ ವ್ಯತ್ಯಾಸವಿದೆ ಎಂದು ಮೊದಲು ಒಪ್ಪಬೇಕು.

ಎರಡನೆಯದಾಗಿ, ಈ ಮಾತಿನಲ್ಲಿ ನಿಜವೂ ಇದೆ. ನನಗೆ ಮುಖ್ಯವೆನಿಸುವುದು ಆ ನಿಜ. ನಮ್ಮ ಪಕ್ಷಗಳು ಕೆಲವು ವಿಷಯಗಳಲ್ಲಿ ನಿಜಕ್ಕೂ ಒಂದೇ. ಯಾವುದರಲ್ಲಿ ಒಂದೇ ಎಂದು ನಾವು ಕೇಳುವುದಿಲ್ಲ. ಕೇಳಿ ನೋಡೋಣ.

ನನ್ನ ಓರಗೆಯವರಿಗೆ ಹತ್ತಿರದ ವಿಷಯದಿಂದಲೇ ಶುರುಮಾಡುತ್ತೇನೆ. 2021ರ ಅಕ್ಟೋಬರ್‌ನಲ್ಲಿ, ಬಿಜೆಪಿ ಸರ್ಕಾರವಿದ್ದಾಗ, 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಬರೆದವರು 50 ಸಾವಿರಕ್ಕೂ ಹೆಚ್ಚು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಆಯ್ಕೆಪಟ್ಟಿ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಜುಲೈನಲ್ಲಿ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ತಪ್ಪು ಮಾಡದೆ ಓದಿ ಬರೆದ ಹುಡುಗ ಹುಡುಗಿಯರ ಎರಡು ಕಾಲು ವರ್ಷ ಯಾವ ಲೆಕ್ಕಕ್ಕೂ ಸೇರಲಿಲ್ಲ.

ಜನ ಸಿಟ್ಟಾದರು. 2023ರ ಚುನಾವಣೆಯಲ್ಲಿ ಬಿಜೆಪಿಯನ್ನು 66 ಸ್ಥಾನಕ್ಕೆ ಇಳಿಸಿ ಕಾಂಗ್ರೆಸ್ಸಿಗೆ 135 ಕೊಟ್ಟರು. ನಂತರ? 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಅದರ ಕನ್ನಡ ಪ್ರಶ್ನೆಪತ್ರಿಕೆಯನ್ನು ಅರ್ಥಮಾಡಿಕೊಳ್ಳಲು ಪಕ್ಕದ ಇಂಗ್ಲಿಷ್ ಪ್ರಶ್ನೆಯನ್ನು ಓದಬೇಕಿತ್ತು. ಕರ್ನಾಟಕದ ಆಡಳಿತ ನಡೆಸಲು ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡವೇ ಕನ್ನಡಿಗರಿಗೆ ತಿಳಿಯದ ಭಾಷೆಯಾಯಿತು. ಮುಖ್ಯಮಂತ್ರಿಗಳು ಮರುಪರೀಕ್ಷೆ ಘೋಷಿಸಿದರು. ಡಿಸೆಂಬರ್ 29ರಂದು ಅದು ನಡೆದಾಗ ಮತ್ತೆ ಅನುವಾದದ ದೋಷಗಳು. ಅಭ್ಯರ್ಥಿಗಳು ಮತ್ತೆ ಬೀದಿಗೆ ಬಂದರು. ಕನ್ನಡ ಎಂ.ಎ. ಮುಗಿಸಿದವರು ಪ್ರತಿ ವಿಶ್ವವಿದ್ಯಾಲಯದಲ್ಲೂ ಕೆಲಸವಿಲ್ಲದೆ ಇರುವ ರಾಜ್ಯದಲ್ಲಿ ಒಂದು ಪ್ರಶ್ನೆಪತ್ರಿಕೆಯನ್ನು ಸರಿಯಾದ ಕನ್ನಡಕ್ಕೆ ತರಲು ಜನ ಸಿಗಲಿಲ್ಲ ಎಂದರೆ ನಂಬುವುದು ಹೇಗೆ?

ಇದನ್ನು ಕಾಂಗ್ರೆಸ್ಸಿನ ತಪ್ಪು, ಅದನ್ನು ಬಿಜೆಪಿಯ ತಪ್ಪು ಎಂದು ಹಂಚಿಬಿಟ್ಟರೆ ಇತಿಹಾಸ ತಪ್ಪಿಹೋಗುತ್ತದೆ. ಕೆಪಿಎಸ್‌ಸಿಯ ರೋಗ ಹಳೆಯದು. 1998, 1999 ಮತ್ತು 2004ರ ಸಾಲಿನ ನೇಮಕಾತಿಗಳಲ್ಲಿ ಅಕ್ರಮ ನಡೆದಿತ್ತೆಂದು ಹೈಕೋರ್ಟ್ 2016ರಲ್ಲಿ ಹೇಳಿತು. 2011ರ ಸಾಲಿನ 362 ಹುದ್ದೆಗಳ ಪಟ್ಟಿಯನ್ನು ಒಂದು ಪಕ್ಷದ ಸರ್ಕಾರ 2014ರಲ್ಲಿ ಕೈಬಿಟ್ಟಿತು, ಇನ್ನೊಂದು ಪಕ್ಷದ ಸರ್ಕಾರ 2022ರಲ್ಲಿ ಕಾಯ್ದೆ ಮಾಡಿ ಊರ್ಜಿತಗೊಳಿಸಿತು. ನಡುವೆ 2013ರಲ್ಲಿ ಪಿ.ಸಿ. ಹೋಟಾ ಸಮಿತಿ ಸುಧಾರಣೆಯ ವರದಿ ಕೊಟ್ಟಿತು. ಆ ವರದಿ ಬಂದು ದಶಕ ಕಳೆದಿದೆ, ಪರೀಕ್ಷೆಯೊಂದು ಗೊಂದಲವಿಲ್ಲದೆ ಮುಗಿದರೆ ಇಂದಿಗೂ ಅದೇ ಸುದ್ದಿ. ಆಯೋಗಕ್ಕೆ ಸದಸ್ಯರನ್ನು ಆರಿಸುವ ಅಧಿಕಾರ ಯಾರ ಕೈಗೆ ಬಂದರೂ ಅದನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿಲ್ಲ. ಪಕ್ಷಗಳು ಒಂದೇ ಎನ್ನುವುದು ಇಲ್ಲಿ.

ಕಾಲೇಜುಗಳಿಗೆ ಬನ್ನಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅತಿಥಿ ಎಂಬ ಪದವನ್ನು ಇಷ್ಟು ಕ್ರೂರವಾಗಿ ಇನ್ನೆಲ್ಲೂ ಬಳಸಿರಲಾರರು. ಹತ್ತು ಹದಿನೈದು ವರ್ಷ ಪಾಠ ಮಾಡಿದವರೂ ಅತಿಥಿಗಳೇ. 2021ರ ಡಿಸೆಂಬರ್‌ನಲ್ಲಿ ಬಿಜೆಪಿ ಸರ್ಕಾರವಿದ್ದಾಗ ಅವರು ತರಗತಿ ಬಹಿಷ್ಕರಿಸಿ ಕುಳಿತರು. 2023ರ ನವೆಂಬರ್‌ನಲ್ಲಿ ಕಾಂಗ್ರೆಸ್ ಸರ್ಕಾರವಿದ್ದಾಗ ಮತ್ತೆ ಕುಳಿತರು. ಎರಡೂ ಸಲ ಒಂದಿಷ್ಟು ಗೌರವಧನ ಏರಿತು, ಸೇವಾ ಭದ್ರತೆಯ ಬೇಡಿಕೆ ಇದ್ದಲ್ಲೇ ಉಳಿಯಿತು. ಖಾಲಿ ಹುದ್ದೆಯನ್ನು ಖಾಯಂ ಆಗಿ ತುಂಬುವುದಕ್ಕಿಂತ ಖಾಲಿಯಾಗಿಯೇ ಇಟ್ಟುಕೊಳ್ಳುವುದು ಅಗ್ಗ ಎಂಬ ಲೆಕ್ಕಾಚಾರಕ್ಕೆ ಪಕ್ಷದ ಬಣ್ಣವಿಲ್ಲ.

ಲೋಕಾಯುಕ್ತದ ಕತೆಯೂ ಇಂಥದೇ. 2016ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಎಸಿಬಿ ಎಂಬ ಹೊಸ ದಳ ಕಟ್ಟಿ ಲೋಕಾಯುಕ್ತ ಪೊಲೀಸರ ತನಿಖಾ ಅಧಿಕಾರ ಕಿತ್ತುಕೊಂಡಿತು. ವಿರೋಧ ಪಕ್ಷದಲ್ಲಿದ್ದ ಬಿಜೆಪಿ ಹರಿಹಾಯ್ದಿತು. 2019ರಲ್ಲಿ ಅದೇ ಬಿಜೆಪಿ ಅಧಿಕಾರಕ್ಕೆ ಬಂದು ಮೂರು ವರ್ಷ ಎಸಿಬಿಯನ್ನು ಹಾಗೆಯೇ ಉಳಿಸಿಕೊಂಡಿತು. ಕೊನೆಗೆ ಅದನ್ನು ರದ್ದುಮಾಡಿದ್ದು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್.

ಸ್ಥಳೀಯ ಸಂಸ್ಥೆಗಳ ವಿಷಯ ಇನ್ನೂ ನಾಚಿಕೆಗೇಡು. ಬಿಬಿಎಂಪಿ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಚುನಾಯಿತ ಸದಸ್ಯರಿಲ್ಲದೆಯೇ ಐದು ವರ್ಷ ಕಳೆದು, ಪಾಲಿಕೆಯೇ ಐದಾಗಿ ಒಡೆಯಿತು. ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಎರಡೂ ಪಕ್ಷಗಳ ಸರ್ಕಾರಗಳು ವರ್ಷಗಟ್ಟಲೆ ದಾಟಿಸಿದವು. ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಚುನಾಯಿತ ಪ್ರತಿನಿಧಿ ತಲೆಯೆತ್ತುವುದು ಯಾವ ಪಕ್ಷದ ಶಾಸಕರಿಗೂ ಬೇಕಿಲ್ಲ.

2025ರ ಮಾರ್ಚ್ 21ರ ವಿಧಾನಸಭೆಯನ್ನೂ ನೆನೆಯಬೇಕು. ಅಂದು ಸದನದಲ್ಲಿ ಕಾಗದ ಹರಿದು ಎಸೆದರು, ಸಭಾಧ್ಯಕ್ಷರ ಪೀಠದ ಮುಂದೆ ನುಗ್ಗಿದರು, ಬಿಜೆಪಿಯ 18 ಶಾಸಕರು ಅಮಾನತಾದರು. ಅದೇ ದಿನ, ಅದೇ ಗದ್ದಲದ ನಡುವೆ, ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಚರ್ಚೆಯೇ ಇಲ್ಲದೆ ಅಂಗೀಕಾರವಾದವು. ಶಾಸಕರಿಗೆ ಒಳ್ಳೆಯ ಸಂಬಳ ಇರಬಾರದು ಎಂದು ನಾನು ಹೇಳುವುದಿಲ್ಲ. ಬಡವರ ಮಕ್ಕಳೂ ಶಾಸಕರಾಗಬೇಕಾದರೆ ಸಂಬಳ ಬೇಕು. ಆದರೆ ಅತಿಥಿ ಉಪನ್ಯಾಸಕರಿಗೆ ಆರ್ಥಿಕ ಹೊರೆಯ ಪಾಠ ಹೇಳುವ ಸದನ ತನ್ನ ಕಡತಕ್ಕೆ ಬಂದಾಗ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ‘ಎಲ್ಲರೂ ಅಷ್ಟೇ’ ಎನ್ನುವುದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಆ ಮಾತು ಮುಗಿಯುವಲ್ಲಿ ನಮ್ಮ ಕೆಲಸ ಶುರುವಾಗಬೇಕು, ನಾವು ಅಲ್ಲೇ ಎದ್ದು ಹೋಗುತ್ತೇವೆ ಎನ್ನುವುದೇ ತಪ್ಪು. ನಮ್ಮ ಸಿಟ್ಟಿಗೆ ಐದು ವರ್ಷಕ್ಕೊಮ್ಮೆ ಒಂದು ಹಬ್ಬವಿದೆ. 1985ರ ನಂತರ ಕರ್ನಾಟಕದಲ್ಲಿ ಆಡಳಿತ ಪಕ್ಷವೊಂದು ಸ್ವಂತ ಬಹುಮತದೊಂದಿಗೆ ಮರಳಿ ಬಂದಿಲ್ಲ. ಇದನ್ನು ಮತದಾರನ ಜಾಣತನ ಎಂದು ಹೊಗಳುವುದು ರೂಢಿ. ಪಕ್ಷಗಳಿಗೂ ಈ ಸರದಿ ಗೊತ್ತಿದೆ. ಸೋತವರು ಏನನ್ನೂ ತಿದ್ದಿಕೊಳ್ಳಬೇಕಿಲ್ಲ, ಸುಮ್ಮನೆ ಕಾದರೆ ಸಾಕು. ನಮ್ಮ ಸಿಟ್ಟೇ ಅವರನ್ನು ಹೊತ್ತು ತಂದು ಕೂರಿಸುತ್ತದೆ. ಆ ಶಿಕ್ಷೆಯಾದರೂ ಗಟ್ಟಿಯೇ? 2019ರಲ್ಲಿ 17 ಶಾಸಕರು ಅನರ್ಹರಾದರು, ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ಎತ್ತಿಹಿಡಿಯಿತು, ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರನ್ನು ನಾವೇ ಮತ್ತೆ ಆರಿಸಿ ಕಳಿಸಿದೆವು. ಎಲ್ಲರೂ ಅಷ್ಟೇ ಎಂದಮೇಲೆ ಪಕ್ಷ ಬಿಟ್ಟವನೂ ಅಷ್ಟೇ, ಬಿಡದವನೂ ಅಷ್ಟೇ.

ಸಿಟ್ಟು ಬೇರೆ ರೀತಿಯಲ್ಲಿ ಕೆಲಸ ಮಾಡಿದ ಕಾಲವೂ ಈ ರಾಜ್ಯದಲ್ಲಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಎದ್ದುನಿಂತದ್ದು ಅಭಿವೃದ್ಧಿ ಕರದ ವಿರುದ್ಧ. ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಎರಡು ವರ್ಷದ ನಂತರ ಗೋಕಾಕ್ ಚಳವಳಿ ಕೇಳಿದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ. ದಲಿತ ಸಂಘರ್ಷ ಸಮಿತಿ ಕೇಳಿದ್ದು ಭೂಮಿ ಮತ್ತು ಮರ್ಯಾದೆ. ಗುಂಡೂರಾವ್ ಸರ್ಕಾರ ಜನರಿಗೆ ಬೇಡವಾಗಿತ್ತು, ನಿಜ. ಆದರೆ ಜನರ ಬಾಯಲ್ಲಿ ‘ಬೇಡ’ದ ಜೊತೆಗೆ ‘ಇಂಥದು ಬೇಕು’ ಎಂಬುದೂ ಇತ್ತು. 1983ರಲ್ಲಿ ಈ ರಾಜ್ಯದಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಸೋತಾಗ, ಬಂದ ಹೊಸ ಸರ್ಕಾರಕ್ಕೆ ಹಾಗೆ ಸುಮ್ಮನೆ ಕೂರುವ ಧೈರ್ಯವಿರಲಿಲ್ಲ. ಅಬ್ದುಲ್ ನಜೀರ್ ಸಾಬರ ಪಂಚಾಯತ್ ಕಾಯ್ದೆ, ಅದರಲ್ಲಿ ಹೆಂಗಸರಿಗೆ ಶೇ 25 ಮೀಸಲಾತಿ, 1984ರ ಲೋಕಾಯುಕ್ತ ಕಾಯ್ದೆ, ಎಲ್ಲ ಆ ಕಾಲದವು. ಇಂದು ಎರಡೂ ಪಕ್ಷಗಳು ಸೇರಿ ಸೊರಗಿಸುತ್ತಿರುವುದು ಇವೇ ಎರಡು ಸಂಸ್ಥೆಗಳನ್ನು. ನಾವು ತಿಂದು ಮುಗಿಸುತ್ತಿರುವುದು ನಮ್ಮ ಹಿಂದಿನವರ ಸಿಟ್ಟಿನ ಫಲವನ್ನು.

2022ರ ‘ಪೇಸಿಎಂ’ ಪೋಸ್ಟರನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಪೋಸ್ಟರು ಚೆನ್ನಾಗಿತ್ತು, ಎಲ್ಲರೂ ನಕ್ಕೆವು, ಫಾರ್ವರ್ಡ್ ಮಾಡಿದೆವು. ಕಮಿಷನ್ ಇಲ್ಲದ ಟೆಂಡರು ಹೇಗೆ ನಡೆಯಬೇಕು, ಬಿಲ್ಲು ಎಷ್ಟು ದಿನದಲ್ಲಿ ಪಾವತಿಯಾಗಬೇಕು ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ನಾವೂ ಕೇಳಲಿಲ್ಲ. ನಗುವಿಗೆ ಸಿಕ್ಕಿದ್ದು ಸರ್ಕಾರದ ಬದಲಾವಣೆ, ಅಷ್ಟೇ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಒಂದು ಮಾತನ್ನು ಯಾರು, ಯಾರಿಗಾಗಿ ಆಡುತ್ತಿದ್ದಾರೆ ಎಂದು ಕೇಳುವ ಅಭ್ಯಾಸವಾದರೂ ಇರಬೇಕು. ಹಾಗಾಗಿ ನನ್ನದು ಸಣ್ಣ ಸಲಹೆ. ಮುಂದಿನ ಸಲ ಯಾರಾದರೂ ‘ಎಲ್ಲರೂ ಅಷ್ಟೇ’ ಎಂದಾಗ ತಲೆಯಾಡಿಸಬೇಡಿ. ‘ಯಾವುದರಲ್ಲಿ?’ ಎಂದು ಕೇಳಿ. ಉತ್ತರಗಳನ್ನು ಬರೆದುಕೊಳ್ಳಿ. ಕೆಪಿಎಸ್‌ಸಿ ಸದಸ್ಯರನ್ನು ಹೇಗೆ ಆರಿಸುತ್ತೀರಿ, ಪರೀಕ್ಷೆಯ ಕನ್ನಡವನ್ನು ಯಾರಿಂದ ಬರೆಸುತ್ತೀರಿ, ಪಂಚಾಯತಿ ಚುನಾವಣೆ ಯಾವ ತಿಂಗಳು, ಖಾಲಿ ಹುದ್ದೆ ತುಂಬುವುದು ಯಾವ ವರ್ಷ. ಮತ ಕೇಳಲು ಬಂದವರ ಮುಂದೆ ಈ ಪಟ್ಟಿ ಇಡಿ. ಯಾವ ಪಕ್ಷದವರು ಬಂದರೂ ಅದೇ ಪಟ್ಟಿ ಇಡಿ. ಅವರೆಲ್ಲರಿಗೂ ಸಮಾನವಾಗಿ ಮುಜುಗರವಾಗುವ ಪ್ರಶ್ನೆ ಯಾವುದೋ, ನಮ್ಮ ಸಿಟ್ಟು ಹೋಗಿ ಕೂರಬೇಕಾದದ್ದು ಅದರ ಮೇಲೆ.